ಆರ್ಕಿಟೆಕ್ಟ್ ಕೊಟ್ಟ ಹಂತಗಳ ಪಟ್ಟಿ ಅರ್ಥವಾಗುತ್ತಿಲ್ಲ, ಕಟ್ಟಿಸಿದವರು ಹೇಳಿ

ಎರಡು ರೂಮು: ಆರ್ಕಿಟೆಕ್ಟ್ ಒಪ್ಪಂದದ ಕರಡು ಕಳಿಸಿದ್ದಾರೆ. ಕಾನ್ಸೆಪ್ಟ್, ಸ್ಕೀಮ್ಯಾಟಿಕ್, ಡಿಸೈನ್ ಡೆವಲಪ್‌ಮೆಂಟ್, ವರ್ಕಿಂಗ್ ಡ್ರಾಯಿಂಗ್, ಟೆಂಡರ್, ಸೈಟ್ ವಿಸಿಟ್. ಪ್ರತಿ ಹಂತಕ್ಕೂ ಸಹಿ, ಪ್ರತಿ ಸಹಿಗೂ ಕಂತು. ನಮ್ಮದು ಚಿಕ್ಕ ಮನೆ. ಇಷ್ಟೆಲ್ಲ ಬೇಕಾ?

ಮೆಟ್ಟಿಲು: ಡಿಸೈನ್ ಡೆವಲಪ್‌ಮೆಂಟ್‌ಗೆ, ಅಂದರೆ ಅಳತೆಗಳೆಲ್ಲ ಗಟ್ಟಿಯಾಗುವ ಹಂತಕ್ಕೆ, ಸಹಿ ಹಾಕುವಾಗ ಹುಷಾರು. ನಮಗೆ ಬಂದಿದ್ದು ಒಂದೇ ಸಾಲಿನ ಇಮೇಲ್, "ಒಪ್ಪಿಗೆ ತಿಳಿಸಿ" ಅಂತ. ಯಜಮಾನರು ಸರಿ ಅಂದರು. ಮೆಟ್ಟಿಲು ಎಷ್ಟು ಕಡಿದು ಅಂತ ಆಮೇಲೆ ಗೊತ್ತಾಯಿತು. 3 ಮೀಟರ್ ಎತ್ತರಕ್ಕೆ 16 ಮೆಟ್ಟಿಲು, ಒಂದೊಂದೂ 187.5 ಮಿಲಿಮೀಟರ್. ಅತ್ತೆಗೆ ಮಂಡಿನೋವು, 150 ಮಾಡಿ ಅಂದೆವು. ಆಗ 20 ಬೇಕು. ನಾಲ್ಕು ಜಾಸ್ತಿ ಅಂದರೆ ಉದ್ದ 1.2 ಮೀಟರ್ ಬೆಳೆಯಿತು. ಸ್ಲ್ಯಾಬ್‌ನ ತೆರಪು ದೊಡ್ಡದಾಯಿತು, ತೊಲೆ ಸರಿಯಿತು, ತೊಲೆಯ ಹಿಂದೆ ಕಂಬ, ಕಂಬದ ಹಿಂದೆ ಪಾಯ. ಕೆಳಗಿದ್ದ ಟಾಯ್ಲೆಟ್ ಪೈಪಿನ ಡಕ್ಟೂ ಜಾಗ ಬದಲಿಸಿತು. ಆರ್ಕಿಟೆಕ್ಟ್ "ಹೆಚ್ಚುವರಿ ಸೇವೆ" ಅಂತ ಬಿಲ್ ಹಾಕಿದರು. ಸ್ಟ್ರಕ್ಚರಲ್ ಎಂಜಿನಿಯರ್‌ದು ಬೇರೆ ಬಿಲ್.

ಲೆಕ್ಕದ ಪುಸ್ತಕ: ನಾವು ಸ್ಕೀಮ್ಯಾಟಿಕ್‌ನಲ್ಲೇ, ಯಾವ ರೂಮು ಎಲ್ಲಿ ಅಂತ ತೋರಿಸುವ ಆರಂಭದ ನಕ್ಷೆಯಲ್ಲೇ, ಪಟ್ಟು ಹಿಡಿದೆವು. ಖಾಲಿ ನೆಲದ ಮೇಲೆ ಟೇಪ್ ಅಂಟಿಸಿ ರೂಮಿನ ಅಳತೆ ಹಾಕಿದೆವು. ಮಂಚ, ಬೀರು, ಬಾಗಿಲು ಯಾವ ಕಡೆ ತೆರೆಯುತ್ತೆ, ಎಲ್ಲ ನೋಡಿದ ಮೇಲೇ ಸಹಿ. ಆರ್ಕಿಟೆಕ್ಟ್‌ಗೆ ಬೇಜಾರಾಯಿತು, ಆಗಲಿ. ಮುಂದೆ ಒಂದು ಗೆರೆಯೂ ಬದಲಾಗಲಿಲ್ಲ. ಟೆಂಡರ್‌ನಲ್ಲಿ ಬಿಒಕ್ಯು, ಅಂದರೆ ಕೆಲಸ, ಸಾಮಾನುಗಳ ಪ್ರಮಾಣದ ಪಟ್ಟಿ, ಸಾಲು ಸಾಲಾಗಿ ಓದಿ. "ಪ್ರೊವಿಷನಲ್ ಸಮ್" ಅಂತಿದ್ದರೆ ಅದು ಅಂದಾಜು ಅಷ್ಟೇ, ಕೊನೆಗೆ ಏರಬಹುದು. ಮೆಟ್ಟಿಲು ಮೇಡಂ, ನಕ್ಷೆ ನೋಡದೆ ಸರಿ ಅಂದರೆ ಇನ್ನೇನಾಗುತ್ತೆ?

ಮೆಟ್ಟಿಲು: ನೋಡಿದ್ದೆವು ಸ್ವಾಮಿ. ಪ್ಲ್ಯಾನ್‌ನಲ್ಲಿ ಮೆಟ್ಟಿಲಿನ ಎತ್ತರ ಕಾಣುತ್ತಾ? ಅದು ಸೆಕ್ಷನ್‌ನಲ್ಲಿ, ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿದ ಹಾಗೆ ತೋರಿಸುವ ನಕ್ಷೆಯಲ್ಲಿ, ಮಾತ್ರ ಕಾಣೋದು. ಆ ಶೀಟನ್ನು ನಮಗೆ ಕಳಿಸಲೇ ಇಲ್ಲ. ಟೇಪ್ ಅಂಟಿಸಿದವರಿಗೆಲ್ಲ ಎಂಜಿನಿಯರ್ ಪದವಿ ಕೊಡ್ತಾರಾ?

ಪೆನ್ಸಿಲ್: ನಾನು ಆರ್ಕಿಟೆಕ್ಟ್. ಬೈಯುವ ಮುಂಚೆ ಕೆಲಸದ ಭಾರ ಎಲ್ಲಿದೆ ನೋಡಿ. ಅಮೆರಿಕದಲ್ಲಿ ರೂಢಿಯಲ್ಲಿರುವ ಒಂದು ಹಂಚಿಕೆ ಹೀಗಿದೆ: ಸ್ಕೀಮ್ಯಾಟಿಕ್‌ಗೆ ಫೀಸಿನ 15%, ಡೆವಲಪ್‌ಮೆಂಟ್‌ಗೆ 20%, ವರ್ಕಿಂಗ್ ಡ್ರಾಯಿಂಗ್‌ಗೆ (ನೋಡಿ ಕಟ್ಟಲು ಬೇಕಾದ ವಿವರವಾದ ನಕ್ಷೆಗಳು) 40%, ಟೆಂಡರ್‌ಗೆ 5%, ಕಟ್ಟುವಾಗ 20%. ಆ 40ರ ಕೆಲಸ ನಡೆಯುವಾಗ ಬದಲಾವಣೆ ಕೇಳಿ ಪುಕ್ಕಟೆ ಮಾಡಿ ಅಂದರೆ ಹೇಗೆ? ಹಂತದ ಹೆಸರು ಎಲ್ಲ ಕಡೆ ಒಂದೇ ಇರೋದಿಲ್ಲ. ಬ್ರಿಟನ್‌ನ ಆರ್ಕಿಟೆಕ್ಟರ ಸಂಸ್ಥೆ ಆರ್‌ಐಬಿಎ 1963ರಲ್ಲಿ ತಂದ ಕ್ರಮದಲ್ಲಿ ಹಂತಗಳಿಗೆ ಅಕ್ಷರಗಳಿದ್ದವು, 2013ರಲ್ಲಿ ಅದು 0ಯಿಂದ 7ರವರೆಗಿನ ಅಂಕಿಗಳಾಯಿತು. ಹೆಸರು ಬಿಡಿ, ಆ ಕಂತಿಗೆ ಯಾವ ಯಾವ ಶೀಟು ಕೈಗೆ ಸಿಗುತ್ತೆ ಅಂತ ಬರೆಸಿಕೊಳ್ಳಿ.

ರಸಮಟ್ಟ: ಕಟ್ಟುವಾಗ 20% ಅಂತೆ! ನಮ್ಮ ಆರ್ಕಿಟೆಕ್ಟ್ ಬಂದಾಗ ಫೋಟೋ ತೆಗೆದು ಹೋಗುತ್ತಿದ್ದರು. ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಆದ ಮೇಲೆ ಪ್ಲಂಬರ್ ಅದನ್ನೇ ಒಡೆದು ಪೈಪ್ ಹಾಕಿದ. ಅದರ ಮೇಲೇ ಟೈಲ್ಸ್ ಹಾಕಿಬಿಟ್ಟರು. ಕೆಳಗಿನ ಛಾವಣಿ ಒದ್ದೆ. ಟೈಲ್ಸ್ ಕಿತ್ತು, ಅದರಡಿಯ ಸ್ಕ್ರೀಡ್ (ಸಿಮೆಂಟ್ ಗಾರೆಯ ಪದರ) ಕಿತ್ತು, ಮತ್ತೆ ಕೋಟಿಂಗ್, ನೀರು ನಿಲ್ಲಿಸಿ ಪರೀಕ್ಷೆ, ಮತ್ತೆ ಟೈಲ್ಸ್. ಆ ಬಣ್ಣದ ಟೈಲ್ಸ್ ಸಿಗಲಿಲ್ಲ, ಗೋಡೆಯದ್ದೂ ತೆಗೆಸಿದೆವು. ಕೇಳಿದರೆ "ವಿಸಿಟ್ ಅಂದರೆ ಮೇಲ್ವಿಚಾರಣೆ ಅಲ್ಲ" ಅಂತ ಒಪ್ಪಂದದ ಸಾಲು ತೋರಿಸಿದರು.

ಪೆನ್ಸಿಲ್: ಅಲ್ಲ ತಾನೇ? ದಿನಾ ನಿಂತು ನೋಡೋದು ಸೈಟ್ ಎಂಜಿನಿಯರ್ ಕೆಲಸ. ಅವರನ್ನು ಇಟ್ಟುಕೊಂಡಿದ್ದಿರಾ?

ರಸಮಟ್ಟ: ಅದನ್ನು ಮೊದಲೇ ಹೇಳೋದು ಯಾರ ಕೆಲಸ?

ಲೆಕ್ಕದ ಪುಸ್ತಕ: ನಮಗೆ ಹೇಳಿದ್ದರು. ಆದರೆ ಕೆಲಸ ಮುಗಿದ ಮೇಲೆ ಕ್ಯಾಡ್ ಫೈಲ್ (ಕಂಪ್ಯೂಟರಿನಲ್ಲಿ ತಿದ್ದಬಹುದಾದ ಮೂಲ ನಕ್ಷೆ) ಕೇಳಿದರೆ ಪಿಡಿಎಫ್ ಮಾತ್ರ ಕೊಟ್ಟರು. ದುಡ್ಡು ಕೊಟ್ಟವರು ನಾವು, ನಕ್ಷೆ ಅವರದ್ದಾ?

ಪೆನ್ಸಿಲ್: ಒಪ್ಪಂದದಲ್ಲಿ ಬೇರೆ ಥರ ಬರೆದಿಲ್ಲ ಅಂದರೆ ಹಕ್ಕು ಸಾಮಾನ್ಯವಾಗಿ ನಕ್ಷೆ ಬರೆದವರದ್ದೇ. ನಿಮಗೆ ಸಿಗೋದು ಆ ಒಂದು ಮನೆ ಕಟ್ಟುವ ಅನುಮತಿ.

ಎರಡು ರೂಮು: ನನ್ನ ಕರಡಿನಲ್ಲಿ ಹೆಚ್ಚುವರಿ ಸೇವೆಗೆ ದರವೇ ಬರೆದಿಲ್ಲ. ಕೇಳಲಾ?

ಮೆಟ್ಟಿಲು: ಇವತ್ತೇ ಕೇಳಿ. ಸೆಕ್ಷನ್ ಶೀಟೂ ಕೇಳಿ. ಲೆಕ್ಕದ ಪುಸ್ತಕದವರೇ, ಒಂದು ಗೆರೆಯೂ ಬದಲಾಗದ ಮನೆಗೆ ಕ್ಯಾಡ್ ಫೈಲ್ ಯಾಕೆ ಬೇಕಾಯಿತು?