ಹೆಡ್ ಕೋಚ್ ಆಗಿದ್ದವರು ಮತ್ತೆ ಡಿಫೆನ್ಸ್ ಕೋಚ್ ಆಗೋದು ಹಿಂಬಡ್ತಿ ಅಲ್ವಾ?

ತೀರ್ಥಹಳ್ಳಿ_ರೈಡರ್:
ಅಕ್ಕನ ಮಗ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದಾನೆ. ಹೋದ ವಾರ ಊರಿಗೆ ಬಂದಿದ್ದ. ಮಳೆ ಬಿಡಲೇ ಇಲ್ಲ, ತೋಟದ ಕಡೆ ಹೋಗೋ ಹಾಗಿಲ್ಲ, ಅಂತೂ ಎರಡು ದಿನ ಕೂರಿಸಿಕೊಂಡು ಅವರ ಅಮೆರಿಕನ್ ಫುಟ್‌ಬಾಲ್ ತೋರಿಸಿದ. ಮೊದಲ ದಿನ ತಲೆಬುಡ ಅರ್ಥ ಆಗಲಿಲ್ಲ. ಎರಡನೇ ದಿನ ಡಿಫೆನ್ಸ್ ನೋಡಿ ಮಜಾ ಬಂತು. ಊರ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನಲ್ಲ, ಅದಕ್ಕೇ ಇರಬೇಕು. ಅವನಿಗೆ ಪಿಟ್ಸ್‌ಬರ್ಗ್‌ನ ಡಿಫೆನ್ಸ್ ಕೋಚ್ ಆಗಿದ್ದ ಡಿಕ್ ಲೆಬೋ ಅಂದರೆ ದೇವರು. ಆಮೇಲೆ ಹುಡುಕಿ ನೋಡಿದರೆ, ಈ ಲೆಬೋ ಸಿನ್ಸಿನಾಟಿ ತಂಡಕ್ಕೆ ಹೆಡ್ ಕೋಚ್ ಆಗಿದ್ದಾಗ ಗೆದ್ದಿದ್ದು 12 ಪಂದ್ಯ, ಸೋತಿದ್ದು 33! ಅಲ್ಲಿಂದ ತೆಗೆದ ಮೇಲೆ ಮತ್ತೆ ಡಿಫೆನ್ಸ್ ಕೋಚ್. ನಮ್ಮ ಕಡೆ ಹೆಡ್‌ಮಾಸ್ಟರ್ ಆಗಿದ್ದವರು ಮತ್ತೆ ಏಳನೇ ಕ್ಲಾಸಿಗೆ ಗಣಿತ ಮಾಡೋಕೆ ನಿಂತರೆ ಊರಿಡೀ ಗುಸುಗುಸು. ಅಲ್ಲಿ ಇದು ಮಾಮೂಲಾ? ಅಷ್ಟು ಹೆಸರು ಯಾಕೆ?

ಸಾಗರದ_ಸೋಮಾರಿ:
ಮಾಮೂಲು ಮಾರಾಯ್ರೆ. ಆ ಆಟದಲ್ಲಿ ಚೆಂಡು ಹಿಡಿದು ನುಗ್ಗೋಕೆ 11 ಜನ, ತಡೆಯೋಕೆ ಬೇರೆಯೇ 11 ಜನ. ತಡೆಯುವವರ ಪೂರ್ತಿ ಲೆಕ್ಕಾಚಾರ ಡಿಫೆನ್ಸ್ ಕೋಆರ್ಡಿನೇಟರ್‌ದು. ಹೆಡ್ ಕೋಚ್ ಅಂದರೆ ಯಜಮಾನಿಕೆ, ಮಾಲೀಕರಿಗೆ ಉತ್ತರ, ಟಿವಿಯವರಿಗೆ ಉತ್ತರ. ಎರಡೂ ಒಬ್ಬರಿಗೇ ಒಗ್ಗಬೇಕು ಅಂತೇನಿಲ್ಲ.

ಲೆಬೋ ಮೊದಲು ಆಟಗಾರ. 1959ರಿಂದ 1972ರವರೆಗೆ ಡೆಟ್ರಾಯಿಟ್ ಲಯನ್ಸ್ ತಂಡದಲ್ಲಿ ಕಾರ್ನರ್‌ಬ್ಯಾಕ್, ಅಂದರೆ ಡಿಫೆನ್ಸ್‌ನಲ್ಲಿ ಅಂಚು ಕಾಯುವವರು. ಎದುರಾಳಿ ಎಸೆದ ಚೆಂಡನ್ನು 62 ಸಲ ಕಸಿದಿದ್ದಾರೆ. 2010ರಲ್ಲಿ ಆ ಆಟದ ದಿಗ್ಗಜರ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿದ್ದೂ ಆಟಗಾರ ಅಂತಲೇ. ಆದರೆ ಜನ ನೆನೆಯೋದು ಜೋನ್ ಬ್ಲಿಟ್ಜ್ ಅನ್ನೋ ಡಿಫೆನ್ಸ್ ತಂತ್ರಕ್ಕೆ. 1980ರ ದಶಕದಲ್ಲಿ ಸಿನ್ಸಿನಾಟಿಯ ಡಿಫೆನ್ಸ್ ನೋಡಿಕೊಳ್ಳುತ್ತಿದ್ದಾಗ ಅದನ್ನು ಬೆಳೆಸಿದರು. ನಿಮಗೆ ಕಬಡ್ಡಿ ಲೆಕ್ಕದಲ್ಲೇ ಹೇಳುತ್ತೇನೆ. ರೈಡರ್ ಮೇಲೆ ಜಾಸ್ತಿ ಜನ ಬಿದ್ದರೆ ಅವರು ಬಿಟ್ಟುಬಂದ ಜಾಗ ಖಾಲಿ, ಅಲ್ವಾ? ಅಲ್ಲೂ ಅಷ್ಟೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಹಿಂದಿನವನೊಬ್ಬ ನುಗ್ಗಿದ ಅಂದರೆ, ಆತ ಬಿಟ್ಟ ಜಾಗಕ್ಕೆ ಚೆಂಡು ಎಸೆದುಬಿಡುತ್ತಾರೆ. ಲೆಬೋ ಏನು ಮಾಡಿದರು ಅಂದರೆ, ಹಿಂದಿನವನನ್ನು ನುಗ್ಗಿಸಿ, ಅದೇ ಹೊತ್ತಿಗೆ ಮುಂದಿನ ಸಾಲಿನ 130 ಕೆಜಿ ದಢಿಯನನ್ನು ಸದ್ದಿಲ್ಲದೆ ಆ ಖಾಲಿ ಜಾಗಕ್ಕೆ ಸರಿಸಿಬಿಟ್ಟರು. ಎಸೆಯುವವನಿಗೆ ನುಗ್ಗಿದವನು ಮಾತ್ರ ಕಾಣುತ್ತಾನೆ. ಖಾಲಿ ಅಂದುಕೊಂಡು ಎಸೆದರೆ ಅಲ್ಲಿ ಎಮ್ಮೆ ಥರ ಒಬ್ಬ ನಿಂತಿರುತ್ತಾನೆ!

ಹೆಡ್ ಕೋಚ್ ಕೆಲಸ ಹೋದ ಮೇಲೆ ಒಂದು ವರ್ಷ ಬಫಲೋದಲ್ಲಿದ್ದರು. 2004ರಲ್ಲಿ ಪಿಟ್ಸ್‌ಬರ್ಗ್‌ಗೆ ವಾಪಸ್. 2005 ಮತ್ತು 2008ರ ಸೀಸನ್‌ಗಳಲ್ಲಿ ಎರಡು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. ಎರಡನೆಯದರಲ್ಲಿ ಅವರ ಡಿಫೆನ್ಸ್‌ನ ಆಟಗಾರ ಜೇಮ್ಸ್ ಹ್ಯಾರಿಸನ್ ನುಗ್ಗುವ ಹಾಗೆ ಮಾಡಿ ಹಿಂದೆ ಸರಿದು ಚೆಂಡು ಕಸಿದು 100 ಗಜ ಓಡಿದರು. ಅದೇ ಲೆಬೋ ವಿದ್ಯೆ.

ಕೊಪ್ಪ_ಕಾಫಿ:
ಸೋಮಾರಿ ಅಣ್ಣ, ಒಂದು ತಿದ್ದುಪಡಿ. ಹ್ಯಾರಿಸನ್‌ಗೆ ಆಗ ಹೇಳಿದ್ದು ನುಗ್ಗು ಅಂತ. ಹಿಂದೆ ಸರಿದಿದ್ದು ಅವರದೇ ಊಹೆ. ಚೆಂಡು ಅಲ್ಲಿಗೇ ಬರುತ್ತೆ ಅಂತ ಅನಿಸಿತ್ತು, ಬಂತು. ಹೇಳಿದ್ದನ್ನು ಮೀರಿದ ಆಟ ಅದು.

ಸಾಗರದ_ಸೋಮಾರಿ:
ಹೌದು, ಒಪ್ಪಿದೆ. ಆದರೂ ಆ ಊಹೆ ಸುಮ್ನೆ ಬರುತ್ತದಾ? ವರ್ಷಗಟ್ಟಲೆ ಅದೇ ಗರಡಿಯಲ್ಲಿ ಪಳಗಿದ್ದಕ್ಕೆ ಬಂತು.

ಮಳೆಗಾಲದ_ಮಾಣಿ:
ಇನ್ನೊಬ್ಬ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಬಗ್ಗೆ ಯಾರೂ ಹೇಳಲಿಲ್ಲ. ಆಟಗಾರನಾಗಿ ಹೆಸರೇ ಇಲ್ಲ. 1979ರಲ್ಲಿ ಪೆನ್ಸಿಲ್ವೇನಿಯಾದ ಡನ್‌ಮೋರ್‌ನಲ್ಲಿ, ತಾನು ಓದಿದ ಹೈಸ್ಕೂಲಿನಲ್ಲೇ ಕೋಚಿಂಗ್ ಶುರು. 1986ರಿಂದ ಎನ್‌ಎಫ್‌ಎಲ್, ಅಂದರೆ ಅಲ್ಲಿನ ದೊಡ್ಡ ವೃತ್ತಿಪರ ಲೀಗ್. ಡಿಫೆನ್ಸ್ ನೋಡಿಕೊಂಡ ತಂಡಗಳನ್ನು ಎಣಿಸೋಕೆ ಒಂದು ಕೈ ಸಾಲದು. ಡೆನ್ವರ್‌ಗೆ ಮೂರು ವರ್ಷ ಹೆಡ್ ಕೋಚ್ ಆಗಿದ್ದರು, ತೆಗೆದರು. ಮತ್ತೆ ಡಿಫೆನ್ಸ್‌ಗೇ ಬಂದರು. ಕೊನೆಗೆ 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಜೊತೆ ಸೂಪರ್ ಬೌಲ್, 40-22. ಅದೇ ಮೊದಲನೆಯದು, 66ನೇ ವಯಸ್ಸಿನಲ್ಲಿ! ಅವತ್ತು ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಮೇಲೆ ಹೆಚ್ಚುವರಿ ಜನ ನುಗ್ಗಲೇ ಇಲ್ಲ. ಮುಂದಿದ್ದ ನಾಲ್ಕೇ ಜನ ಸಾಕು ಅಂತ ಬಿಟ್ಟರು, ಆರು ಸಲ ಕೆಡವಿದರು. ಲೆಬೋ ಲೆಕ್ಕಕ್ಕೆ ಪೂರ್ತಿ ಉಲ್ಟಾ. ನನಗೆ ಇದೇ ಜಾಸ್ತಿ ಇಷ್ಟ.

ಕೊಪ್ಪ_ಕಾಫಿ:
ಡಿಫೆನ್ಸ್ ಕೋಚ್‌ಗಳಿಗೆಲ್ಲ ಹೆಡ್ ಕೋಚ್ ಕೆಲಸ ಒಗ್ಗಲ್ಲ ಅಂದುಕೊಳ್ಳಬೇಡಿ. ಬೆಲಿಚಿಕ್ ಕೂಡ ನ್ಯೂಯಾರ್ಕ್ ಜೈಂಟ್ಸ್‌ನ ಡಿಫೆನ್ಸ್ ನೋಡಿಕೊಂಡವರೇ. ಆಮೇಲೆ ಹೆಡ್ ಕೋಚ್ ಆಗಿ ಆರು ಸೂಪರ್ ಬೌಲ್ ಗೆದ್ದರು. ಅವರೂ ಮೊದಲ ಸಲ ಕ್ಲೀವ್‌ಲ್ಯಾಂಡ್‌ನಲ್ಲಿ ಕೆಲಸ ಕಳೆದುಕೊಂಡಿದ್ದರು ಅನ್ನಿ.

ತೀರ್ಥಹಳ್ಳಿ_ರೈಡರ್:
ಈಗ ಗೊತ್ತಾಯಿತು. ಲೆಬೋ 2017ರ ಸೀಸನ್‌ನಲ್ಲೂ ಟೆನ್ನೆಸಿಯಲ್ಲಿ ಡಿಫೆನ್ಸ್ ನೋಡಿಕೊಳ್ಳುತ್ತಿದ್ದರಂತೆ, ಆಗ ವಯಸ್ಸು 80. ಹಿಂಬಡ್ತಿ ಅಂತ ಬೇಜಾರಾದವರು ಅಷ್ಟು ವರ್ಷ ಇರುತ್ತಿರಲಿಲ್ಲ ಬಿಡಿ.

ನಮ್ಮ ಎಡ ಕಾರ್ನರ್ ಹುಡುಗ ಪ್ರತಿ ಸಲ ಕಾಲಿಗೇ ಬೀಳುತ್ತಾನೆ. ರೈಡರ್‌ಗಳಿಗೆಲ್ಲ ಬಾಯಿಪಾಠ ಆಗಿದೆ. ಈ ಭಾನುವಾರ ಅವನಿಗೆ ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಸರಿ ಅಂತ ಹೇಳಿ, ಪಕ್ಕದ ಕವರ್‌ನವನನ್ನು ನುಗ್ಗಿಸಿ ನೋಡುತ್ತೇನೆ. ಮಳೆ ಹೊಳವಾದರೆ.