ಪದಚರ್ಚೆ: ಆಟಗಾರರ ‘ಟ್ರೇಡ್’ಗೆ ‘ಸಾಟಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಬೇರೆಯವರನ್ನು ತರುತ್ತದಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಟ್ರೇಡ್ ಅನ್ನುತ್ತಾರೆ. ಕನ್ನಡದಲ್ಲಿ ಅದನ್ನು ‘ಸಾಟಿ’ ಅಂತ ಬರೆದರೆ ಎಲ್ಲ ಕಡೆಯವರಿಗೂ ತಿಳಿಯುತ್ತದಾ? ನನ್ನ ಮುಖ್ಯ ಪ್ರಶ್ನೆ ಇದು. ಇದರ ಹಿಂದೆಯೇ ಇನ್ನೂ ಮೂರು ಪದ ಬಂದು ನಿಂತಿವೆ. ಅವನ್ನೂ ಕೇಳುತ್ತೇನೆ.

ಪ್ರಶ್ನೆ ಎಲ್ಲಿಂದ ಹುಟ್ಟಿತು ಅಂತ ಹೇಳಿಬಿಡುತ್ತೇನೆ. ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಇಲ್ಲಿಯ ಐಸ್ ಹಾಕಿ ತಂಡದ ಹೆಸರು ಸ್ಯಾನ್ ಹೋಸೆ ಶಾರ್ಕ್ಸ್. 1991ರಿಂದ ಎನ್‌ಎಚ್‌ಎಲ್‌ನಲ್ಲಿ, ಅಂದರೆ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್‌ನಲ್ಲಿ, ಆಡುತ್ತಿದೆ. ಒಮ್ಮೆ, 2016ರಲ್ಲಿ, ಆ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ವರೆಗೂ ಹೋಗಿ ಪಿಟ್ಸ್‌ಬರ್ಗ್ ಎದುರು ಸೋತಿತು. ಆಡುವ ಅಂಗಣಕ್ಕೆ ಸ್ಯಾಪ್ ಸೆಂಟರ್ ಅಂತ ಹೆಸರು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ದೊಡ್ಡ ಆಫೀಸು ಇದೆಯಲ್ಲ, ಅದೇ ಸಾಫ್ಟ್‌ವೇರ್ ಕಂಪನಿ ಸ್ಯಾಪ್. ಆ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಹಾಸೋ ಪ್ಲಾಟ್ನರ್ ಅವರೇ ಈ ತಂಡದ ಮಾಲೀಕರು. ನನ್ನ ಮಗನಿಗೆ ಈ ತಂಡ ಅಂದರೆ ಪ್ರಾಣ.

2023ರ ಅಕ್ಟೋಬರ್‌ನಲ್ಲಿ ನಮ್ಮಪ್ಪ ನವಲಗುಂದದ ಕಡೆಯಿಂದ ಆರು ತಿಂಗಳಿಗೆ ಅಂತ ಇಲ್ಲಿಗೆ ಬಂದರು. ಅಜ್ಜ ಮೊಮ್ಮಗ ಸೋಫಾದ ಮೇಲೆ ಕೂತು ಆಟ ನೋಡಲು ಶುರುಮಾಡಿದ್ದೂ ಆಗಲೇ. ತಂಡದ ಸ್ಥಿತಿ ಮಾತ್ರ ಬಹಳ ಕೆಟ್ಟಿತ್ತು. ಮೊದಲ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ನವೆಂಬರ್ ಮೊದಲ ವಾರದಲ್ಲಿ ವ್ಯಾಂಕೂವರ್ ಎದುರು 10-1, ಅದರ ಮುಂದಿನ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ಎದುರು 10-2. ಎರಡು ಪಂದ್ಯದಲ್ಲಿ ಇಪ್ಪತ್ತು ಗೋಲು ಹೊಡೆಸಿಕೊಂಡರು. ಆ ರಾತ್ರಿ ಮಗ ಊಟ ಬಿಟ್ಟು ಮಲಗಿದ. ವಾರಾಂತ್ಯಕ್ಕೆ ಅವನ ಗೆಳೆಯರು ಮನೆಗೆ ಬಂದರೆ ಬರೀ ವಾದ. ಯಾರನ್ನು ಕೊಟ್ಟಿದ್ದು ತಪ್ಪು, ಯಾರನ್ನು ತಂದಿದ್ದು ತಪ್ಪು, ಜನರಲ್ ಮ್ಯಾನೇಜರ್‌ಗೆ ಇನ್ನೆಷ್ಟು ಕಾಲ ಕೊಡಬೇಕು ಅಂತ. ಅಪ್ಪ ನನ್ನ ತೋಳು ತಟ್ಟಿ, “ಏನಂತ ಜಗಳಾಡಾಕತ್ತಾರ?” ಅಂತ ಕೇಳುತ್ತಿದ್ದರು. ಕನ್ನಡದಲ್ಲಿ ಹೇಳಲು ಹೋದರೆ ಮೊದಲ ವಾಕ್ಯದಲ್ಲೇ ಸಿಕ್ಕಿಬೀಳುತ್ತಿದ್ದೆ.

ಮೊದಲು ‘ವಿನಿಮಯ’ ಅಂದೆ. ಅಪ್ಪನಿಗೆ ಅದು ಬ್ಯಾಂಕಿನ ಮಾತಾಗಿ ಕೇಳಿಸಿತು. ನನಗೂ ಆ ಪದ ಕೇಳಿದರೆ ವಿದೇಶಿ ವಿನಿಮಯವೇ ನೆನಪಾಗುತ್ತದೆ. ‘ಅದಲುಬದಲು’ ಅಂದೆ. ಅದು ಗುಡಿಯ ಹೊರಗೆ ಬಿಟ್ಟ ಚಪ್ಪಲಿಗೆ ಸರಿ, ಗೊತ್ತಿಲ್ಲದೆ ಆಗಿಹೋಗುವಂಥದ್ದು. ‘ವರ್ಗ’ ಅಂದರೆ ಮೇಷ್ಟ್ರಿಗೆ ಆಗುವ ವರ್ಗ. ಒಬ್ಬರು ಹೋಗುತ್ತಾರೆ, ಅವರ ಬದಲಿಗೆ ಊರಿಗೆ ಏನೂ ಬರಬೇಕೆಂದಿಲ್ಲ. ‘ಹರಾಜು’ ಐಪಿಎಲ್‌ನಿಂದಾಗಿ ಎಲ್ಲರ ಬಾಯಲ್ಲೂ ಇದೆ. ಆದರೆ ಹರಾಜಿನಲ್ಲಿ ಹಣ ಕೂಗಿ ಕೊಳ್ಳುತ್ತಾರೆ. ಐಪಿಎಲ್‌ನಲ್ಲೇ 2023ರ ನವೆಂಬರ್‌ನಲ್ಲಿ ಕ್ಯಾಮರೂನ್ ಗ್ರೀನ್ ಮುಂಬೈ ಬಿಟ್ಟು ಆರ್‌ಸಿಬಿಗೆ ಬಂದರಲ್ಲ, ಅದನ್ನೂ ಟ್ರೇಡ್ ಅಂದರು. ಅಲ್ಲಿ ಈ ಕಡೆಯಿಂದ ಹೋದದ್ದು ಬರೀ ಹಣ. ನನ್ನ ಕಣ್ಣಿಗೆ ಅದು ಖರೀದಿ ಅಷ್ಟೇ. ಇಲ್ಲಿ ನಡೆಯುವುದು ಆಳಿಗೆ ಆಳು, ಅಥವಾ ಆಳಿಗೆ ಮುಂದೆಂದೋ ಸಿಗುವ ಆಳು.

ನಾನು ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೆ ಅಪ್ಪ, “ಸಾಟಿ ಅನ್ನು, ಅದಕ್ಕ್ಯಾಕ ಇಷ್ಟ್ ಮಾತು” ಅಂದರು.

ನಮ್ಮ ಕಡೆ ಎತ್ತಿಗೆ ಎತ್ತು ಕೊಟ್ಟು ತರುವುದಕ್ಕೆ ಸಾಟಿ ಅನ್ನುತ್ತಾರೆ. ಎರಡು ಮನೆಯವರು ಹೆಣ್ಣು ಕೊಟ್ಟು ಹೆಣ್ಣು ತಂದರೆ ಸಾಟಿ ಮದುವೆ. ದುಡ್ಡಿಲ್ಲದೆ ಸಾಮಾನಿಗೆ ಸಾಮಾನು ಕೊಡುವುದು ಸಾಟಿ ವ್ಯಾಪಾರ. ಚಿಕ್ಕವನಿದ್ದಾಗ ಅಪ್ಪನ ಜೊತೆ ದನದ ಸಂತೆಗೆ ಹೋಗಿದ್ದು ನೆನಪಿದೆ. ನಮ್ಮ ಕರಿ ಎತ್ತಿನ ಜೋಡಿ ಸತ್ತಿತ್ತು. ಒಂಟಿ ಎತ್ತು ಇಟ್ಟುಕೊಂಡು ಏನು ಮಾಡುವುದು? ಅದನ್ನು ಕೊಟ್ಟು, ಮೇಲೆ ಒಂದಿಷ್ಟು ದುಡ್ಡು ಸೇರಿಸಿ, ಸಣ್ಣ ಹೋರಿಗಳ ಜೋಡಿ ತಂದರು. ಹಲ್ಲು ಎಣಿಸಿದರು, ಕಾಲು ನೋಡಿದರು, ಹತ್ತು ಹೆಜ್ಜೆ ನಡೆಸಿ ನೋಡಿದರು. ಮನೆಗೆ ಬಂದ ಮೇಲೂ ಒಂದು ವಾರ ಅವ್ವ ಕೇಳುತ್ತಲೇ ಇದ್ದಳು, “ಸರಿ ಸಾಟಿ ಆತೋ ಇಲ್ಲೋ?”

ಈ ಪದ ನನಗೆ ಇಷ್ಟವಾಗಿದ್ದು ಅದಕ್ಕೇ. ಸಾಟಿ ಅಂದರೆ ಕೊಟ್ಟು ತರುವುದೂ ಹೌದು, ಸಮ ಅನ್ನುವುದೂ ಹೌದು. ‘ಅವನಿಗೆ ಸಾಟಿ ಯಾರಿದ್ದಾರೆ’ ಅನ್ನುತ್ತೇವಲ್ಲ, ಅದೇ ಪದ. ಕೊಟ್ಟದ್ದಕ್ಕೆ ಸಮನಾದದ್ದು ಬಂತಾ ಅನ್ನುವ ಪ್ರಶ್ನೆ ಪದದ ಒಳಗೇ ಇದೆ. ಈ ಹುಡುಗರು ಗಂಟೆಗಟ್ಟಲೆ ವಾದಿಸುವುದೂ ಅದನ್ನೇ ಅಲ್ವಾ?

ಎರಡನೇ ಪದ ‘ಡ್ರಾಫ್ಟ್ ಪಿಕ್’. ವರ್ಷಕ್ಕೊಮ್ಮೆ ಲೀಗ್‌ನ 32 ತಂಡಗಳೂ ಸುತ್ತು ಸುತ್ತಾಗಿ, ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಚೆನ್ನಾಗಿ ಆಡದ ತಂಡಕ್ಕೆ ಮೊದಮೊದಲ ಸರದಿ. ತೀರಾ ಮೊದಲ ಸರದಿ ಯಾರಿಗೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಕೊನೆಯ ಸ್ಥಾನದಲ್ಲಿರುವ ತಂಡಕ್ಕೆ ಅದು ಸಿಗುವ ಸಾಧ್ಯತೆ ಶೇಕಡ 25.5. ಸರದಿ ಬರುವ ಮೊದಲೇ, ಒಂದೆರಡು ವರ್ಷ ಮುಂಚೆಯೇ, ಅದನ್ನು ಇನ್ನೊಂದು ತಂಡಕ್ಕೆ ಕೊಟ್ಟುಬಿಡಬಹುದು. ಅಂದರೆ ಕೈ ಬದಲಾಗುವುದು ಆಟಗಾರ ಅಲ್ಲ, ಆರಿಸುವ ಹಕ್ಕು. ನಾನು ‘ಸರದಿ’ ಅಂದೆ. ಅಪ್ಪ ‘ಪಾಳಿ’ ಅಂದರು. ಮಲಪ್ರಭಾ ಕಾಲುವೆಯ ನೀರು ನಮ್ಮ ಹೊಲಕ್ಕೆ ಬರುವುದು ಪಾಳಿಯ ಮೇಲೆ. ಮಗಳ ಮದುವೆ ಬಂತು ಅಂತ ತನ್ನ ಪಾಳಿಯನ್ನು ಪಕ್ಕದ ಹೊಲದವನಿಗೆ ಬಿಟ್ಟುಕೊಟ್ಟು, ಮುಂದೆ ಅವನ ಪಾಳಿ ತಗೊಳ್ಳುವುದು ಅಲ್ಲಿ ಮಾಮೂಲು.

2024ರ ಮಾರ್ಚ್ 8. ಆ ಋತುವಿನ ಟ್ರೇಡ್ ಮುಗಿಸಲು ಕೊನೆಯ ದಿನ. ಇದಕ್ಕೆ ‘ಸಾಟಿ ಗಡುವು’ ಅಂತ ಕರೆದರೆ ಚೆನ್ನಾಗಿದೆ ಅನ್ನಿಸುತ್ತದೆ. ಅವತ್ತು ತೋಮಾಶ್ ಹರ್ಟ್ಲ್ ಅವರನ್ನು ವೇಗಸ್ ತಂಡಕ್ಕೆ ಕೊಟ್ಟ ಸುದ್ದಿ ಬಂತು. 2012ರ ಡ್ರಾಫ್ಟ್‌ನಲ್ಲಿ ಇದೇ ತಂಡ ಆರಿಸಿಕೊಂಡ ಹುಡುಗ ಅವರು, ಬೇರೆ ಯಾವ ಎನ್‌ಎಚ್‌ಎಲ್ ತಂಡಕ್ಕೂ ಆಡಿರಲಿಲ್ಲ. ಮಗನ ಕೋಣೆಯ ಗೋಡೆಯ ಮೇಲಿದ್ದದ್ದು ಅವರದೇ ಚಿತ್ರ. ಬದಲಿಗೆ ಬಂದದ್ದು ಡೇವಿಡ್ ಎಡ್‌ಸ್ಟ್ರೊಮ್ ಅನ್ನುವ ಹರೆಯದ ಹುಡುಗ, ಮತ್ತೆ 2025ರ ಮೊದಲ ಸುತ್ತಿನ ಒಂದು ಸರದಿ. ಹರ್ಟ್ಲ್ ಜೊತೆಗೆ ಮೂರನೇ ಸುತ್ತಿನ ಎರಡು ಸರದಿಗಳನ್ನೂ ಕೊಟ್ಟಿದ್ದರು. ಅದೂ ಸಾಲದು ಅಂತ ಹರ್ಟ್ಲ್ ಸಂಬಳದ ಒಂದು ಪಾಲನ್ನು ಶಾರ್ಕ್ಸ್ ತಂಡವೇ ಮುಂದೆಯೂ ಕೊಡಬೇಕು. ಇದನ್ನು ವಿವರಿಸಿದಾಗ ಅಪ್ಪ ಹುಬ್ಬು ಗಂಟಿಕ್ಕಿದರು. “ಎತ್ತು ಕೊಟ್ಟ ಮ್ಯಾಲೂ ಅದರ ಮೇವಿನ ಖರ್ಚು ನಮ್ಮದ ಏನು?” ಹೌದು ಅಂದೆ. ಸಂಬಳಕ್ಕೆ ಒಂದು ಮಿತಿ ಇದೆ, ಆ ವರ್ಷ ಒಂದು ತಂಡಕ್ಕೆ 8 ಕೋಟಿ 35 ಲಕ್ಷ ಡಾಲರ್, ಅದರೊಳಗೆ ಹೊಂದಿಸಲು ಹೀಗೆಲ್ಲ ಮಾಡುತ್ತಾರೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, “ಹಂಗಂದ್ರ ದುಡಿಯೋ ಎತ್ತು ಕೊಟ್ಟು ಒಂದು ಕರ ಮತ್ತ ಒಂದು ಪಾಳಿ ತಂದಾರ ಅನ್ನು. ಆ ಪಾಳಿ ಬಂದಾಗ ಕಾಲುವ್ಯಾಗ ನೀರ ಇರತೈತೋ ಇಲ್ಲೋ, ಯಾರಿಗ್ಗೊತ್ತು?”

ಈ ಮಾತು ಎಷ್ಟು ಸರಿ ಅನ್ನುವುದಕ್ಕೆ ಇದೇ ತಂಡದ ಹಳೆಯ ಕತೆ ಇದೆ. 2018ರಲ್ಲಿ ಒಟ್ಟಾವಾ ತಂಡದಿಂದ ಎರಿಕ್ ಕಾರ್ಲ್‌ಸನ್ ಅವರನ್ನು ತಂದರು. ಕೊಟ್ಟ ಹಲವು ಆಟಗಾರರ ಜೊತೆಗೆ ಮೊದಲ ಸುತ್ತಿನ ಒಂದು ಸರದಿಯೂ ಹೋಯಿತು. ಆಗ ಶಾರ್ಕ್ಸ್ ಗಟ್ಟಿ ತಂಡ, ಆ ಸರದಿ ಎಲ್ಲೋ ಹಿಂದೆ ಬೀಳುತ್ತದೆ ಅಂತ ಎಣಿಕೆ. ಆದರೆ 2020ರ ಹೊತ್ತಿಗೆ ತಂಡ ಕುಸಿಯಿತು. ಕೊಟ್ಟ ಸರದಿ ಮೂರನೆಯದಾಗಿ ಬಂತು. ಒಟ್ಟಾವಾದವರು ಅದರಲ್ಲಿ ಟಿಮ್ ಸ್ಟ್ಯುಟ್ಸ್‌ಲೆ ಅನ್ನುವ ಜರ್ಮನಿಯ ಹುಡುಗನನ್ನು ಆರಿಸಿಕೊಂಡರು, ಆತ ಈಗ ಅವರ ಮುಖ್ಯ ಆಟಗಾರರಲ್ಲಿ ಒಬ್ಬ. ಕಾರ್ಲ್‌ಸನ್ ಇಲ್ಲಿ 2022-23ರಲ್ಲಿ 101 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿ ಅದ್ಭುತವಾಗಿ ಆಡಿದರು, ತಂಡ ಆಗಲೂ ಮೇಲೇಳಲಿಲ್ಲ. 2023ರ ಆಗಸ್ಟ್‌ನಲ್ಲೇ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟರು.

ನನ್ನ ಒಲವು ‘ಪಾಳಿ’ಯ ಕಡೆ. ಆದರೆ ಬೆಂಗಳೂರಿನವರಿಗೆ ಪಾಳಿ ಅಂದರೆ ಕಾರ್ಖಾನೆಯ ರಾತ್ರಿ ಪಾಳಿಯೇ ಮೊದಲು ಹೊಳೆಯುತ್ತದೇನೋ. ‘ಸರದಿ’ ಎಲ್ಲರಿಗೂ ಗೊತ್ತು, ಆದರೆ ಅದನ್ನು ಇನ್ನೊಬ್ಬರಿಗೆ ಕೊಡಬಹುದು, ಸಾಲ ತರಬಹುದು ಅನ್ನುವ ಭಾವ ಅದರಲ್ಲಿಲ್ಲ. ನೀವೇನು ಹೇಳುತ್ತೀರಿ?

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಮುಂದೆ ಒಳ್ಳೆಯ ಹುಡುಗರು ಸಿಗಲಿ ಅಂತ ಒಂದೆರಡು ವರ್ಷ ತಂಡವನ್ನು ಬೇಕಂತಲೇ ಬಡಕಲು ಮಾಡಿ ಕೆಳಗೆ ಇಳಿಸುವುದಕ್ಕೆ ‘ಟ್ಯಾಂಕ್’ ಮಾಡುವುದು ಅನ್ನುತ್ತಾರೆ. ಕನ್ನಡದಲ್ಲಿ ಟ್ಯಾಂಕ್ ಅಂದರೆ ಮನೆ ಮೇಲಿನ ನೀರಿನ ಟ್ಯಾಂಕ್. ಸಾಲದ್ದಕ್ಕೆ ಈ ಅಂಗಣವನ್ನೇ ಜನ ಶಾರ್ಕ್ ಟ್ಯಾಂಕ್ ಅಂತ ಕರೆಯುತ್ತಾರೆ. ‘ಬೇಕಂತ ಸೋಲುವುದು’ ಅಂದರೆ ಆಟಗಾರರ ಮೇಲೆ ಸುಳ್ಳು ಹೊರಿಸಿದಂತೆ. ಅವರಲ್ಲಿ ಯಾರೂ ಸೋಲಲು ಆಡುವುದಿಲ್ಲ. ಹತ್ತು ಗೋಲು ಹೊಡೆಸಿಕೊಂಡ ರಾತ್ರಿಯೂ ಗೋಲ್‌ಕೀಪರ್ ಪ್ರತಿ ಚೆಂಡಿಗೆ, ಅಲ್ಲ, ಪ್ರತಿ ಪಕ್‌ಗೆ (ಚೆಂಡಿನ ಬದಲು ಇಲ್ಲಿ ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಮೈಚೆಲ್ಲಿ ಬೀಳುತ್ತಿದ್ದುದನ್ನು ನಾನೇ ನೋಡಿದ್ದೇನೆ. ಸೋಲುವಂಥ ತಂಡ ಕಟ್ಟಿದವರು ಮೇಲೆ ಕೂತವರು.

ಇದಕ್ಕೆ ನನಗೆ ಹೊಳೆದದ್ದು ‘ಬೀಳು ಬಿಡುವುದು’. ಹೊಲ ಬೀಳು ಬಿಡುತ್ತಾರಲ್ಲ, ಮಣ್ಣಿಗೆ ಕಸುವು ಬರಲಿ ಅಂತ. ಆ ತೀರ್ಮಾನ ಯಜಮಾನನದು, ಎತ್ತಿನದಲ್ಲ. ಅದರ ಪಕ್ಕದಲ್ಲೇ ‘ಹಾಳು ಬೀಳುವುದು’ ಅನ್ನುವುದೂ ಇದೆ, ಅದು ನೋಡಿಕೊಳ್ಳುವವರಿಲ್ಲದೆ ಆಗುವಂಥದ್ದು. ಮಗನ ಗೆಳೆಯರ ಅರ್ಧ ಜಗಳ ಈ ಎರಡು ಮಾತಿನ ನಡುವಿನದು. 2022ರ ಜುಲೈನಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದವರು ಮೈಕ್ ಗ್ರಿಯರ್, ಎನ್‌ಎಚ್‌ಎಲ್‌ನಲ್ಲಿ ಆ ಹುದ್ದೆಗೇರಿದ ಮೊದಲ ಕರಿಯ ವ್ಯಕ್ತಿ. ಅವರು ಬಂದಾಗಲೇ ಕಾರ್ಲ್‌ಸನ್ ಮುಂತಾದವರ ದೊಡ್ಡ ಒಪ್ಪಂದಗಳು ತಂಡದ ಕತ್ತಿಗೆ ಬಿದ್ದಿದ್ದವು. ಹೊಲ ಮೊದಲೇ ಹಾಳು ಬಿದ್ದಿತ್ತು, ಇವರು ಬೀಳು ಬಿಟ್ಟರು ಅಂತ ಒಬ್ಬ. ಇಲ್ಲ, ಇವರೂ ಹಾಳು ಬೀಳಿಸಿದರು ಅಂತ ಇನ್ನೊಬ್ಬ. ನನ್ನ ಅಭಿಪ್ರಾಯ ಮೊದಲನೆಯವನ ಕಡೆ. ಆದರೆ ಅಪ್ಪ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. “ಬೀಳು ಬಿಟ್ಟ ಹೊಲ ನೋಡಾಕ ಟಿಕೀಟು ಯಾಕ ಇಡಬೇಕು?”

ಅಪ್ಪ ಇಲ್ಲಿದ್ದ ಆ 2023-24ರ ಋತುವಿನಲ್ಲಿ ತಂಡ 82 ಪಂದ್ಯದಲ್ಲಿ 19 ಗೆದ್ದು ಎಲ್ಲರಿಗಿಂತ ಕೊನೆಯಲ್ಲಿ ನಿಂತಿತು. ಚೀಟಿಯಲ್ಲಿ ಮೊದಲ ಸರದಿ ಸಿಕ್ಕಿತು. ಆ ಸರದಿಯಲ್ಲಿ ಮ್ಯಾಕ್ಲಿನ್ ಸೆಲೆಬ್ರಿನಿ ಅನ್ನುವ ಹುಡುಗ ಬಂದ. ಮುಂದಿನ ವರ್ಷ ಮತ್ತೆ ಕೊನೆ.

ನಾಲ್ಕನೆಯದು ‘ಜನರಲ್ ಮ್ಯಾನೇಜರ್’. ನಮ್ಮಲ್ಲಿ ಹಾಕಿ ತಂಡದ ಮ್ಯಾನೇಜರ್ ಅಂದರೆ ಪ್ರಯಾಣ, ವಸತಿ ನೋಡಿಕೊಳ್ಳುವವರು. ಇಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಅನ್ನುವುದೆಲ್ಲ ಅವರ ಕೈಯಲ್ಲಿ. ‘ಪಾರುಪತ್ಯಗಾರ’ ಅಂತ ಹಳೆಯ ಪದ ಇದೆ, ಆಸ್ತಿ ಇನ್ನೊಬ್ಬರದು, ನಡೆಸುವವರು ಇವರು. ಸರಿಹೊಂದುತ್ತದೆ, ಆದರೆ ತೀರಾ ದೇವಸ್ಥಾನದ ವಾಸನೆ. ಇದನ್ನು ಹಾಗೇ ಜನರಲ್ ಮ್ಯಾನೇಜರ್ ಅಂತ ಬಿಡಬಹುದು ಅನ್ನಿಸುತ್ತದೆ.

ಕೊಡಗಿನ ಗೆಳೆಯರೊಬ್ಬರ ಹತ್ತಿರ ಇದನ್ನೆಲ್ಲ ಮಾತಾಡಿದೆ. ಅವರಿಗೆ ‘ಸಾಟಿ’ ಅಂದದ್ದೇ ಬೇಸರವಾಯಿತು. ಹಾಕಿ ಅಂದರೆ ಅವರಿಗೆ ಮನೆತನಗಳ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳ ತಂಡ ಸೇರಿದ್ದವು. “ಅಲ್ಲಿ ಹುಟ್ಟಿದ ಮನೆಯ ಹೆಸರಿಗೆ ಆಡ್ತೀವಿ. ಮನುಷ್ಯರನ್ನು ದನದ ಥರ ಸಾಟಿ ಮಾಡ್ತಾರೆ ಅಂತ ಬರೀತೀರಾ?” ಅಂದರು. ಅವರ ಮಾತು ಮನಸ್ಸಿಗೆ ನಾಟಿತು. ಹರ್ಟ್ಲ್ ಅವರನ್ನು ಕೊಟ್ಟರು ಅಂದಾಗ ಅಪ್ಪನೂ “ಕೊಟ್ಟ ಹೆಣ್ಣು ಕುಲಕ್ಕ ಹೊರಗ” ಅಂತ ಮೆಲ್ಲಗೆ ಅಂದಿದ್ದರು. ಟ್ರೇಡ್ ಅನ್ನುವ ಇಂಗ್ಲಿಷ್ ಪದವೂ ವ್ಯಾಪಾರದ್ದೇ, ಆದರೆ ಕೇಳಿ ಕೇಳಿ ನಮಗೆ ಅದು ಚುಚ್ಚುವುದಿಲ್ಲ. ಸಾಟಿ ಚುಚ್ಚುತ್ತದೆ. ಚುಚ್ಚಲಿ, ನಡೆಯುತ್ತಿರುವುದು ಅದೇ ತಾನೇ ಅಂತ ನನಗೆ ಅನ್ನಿಸುತ್ತದೆ.

ಅಪ್ಪ ಊರಿಗೆ ಹೋದ ಮೇಲೆ, 2024ರ ಆಗಸ್ಟ್‌ನಲ್ಲಿ, ಆ ಎಡ್‌ಸ್ಟ್ರೊಮ್ ಹುಡುಗನನ್ನೂ ವೇಗಸ್‌ನಿಂದ ಬಂದ ಸರದಿಯನ್ನೂ ನ್ಯಾಶ್‌ವಿಲ್‌ಗೆ ಕೊಟ್ಟು ಯಾರೋಸ್ಲಾವ್ ಅಸ್ಕಾರೋವ್ ಅನ್ನುವ ಗೋಲ್‌ಕೀಪರ್‌ನನ್ನು ತಂದರು. ಫೋನಿನಲ್ಲಿ ಮಗನೇ ಹೇಳಿದ, “ಅಜ್ಜಾ, ಆ ಪಾಳಿ ಸಾಟಿಗೆ ಹೋತು.” ಅಜ್ಜನಿಗೆ ಮರುಮಾತಿಲ್ಲದೆ ಅರ್ಥವಾಯಿತು.

ಈಗ ಅವನ ಶನಿವಾರದ ಕನ್ನಡ ತರಗತಿಗೆ ಮೆಚ್ಚಿನ ಆಟದ ಬಗ್ಗೆ ಒಂದು ಪುಟ ಬರೆಯಬೇಕಾಗಿದೆ. ಅವನು ಬರೆದ ಒಂದು ವಾಕ್ಯ ಹೀಗಿದೆ: ‘ಹರ್ಟ್ಲ್ ಅವರನ್ನು ಸಾಟಿಗೆ ಕೊಟ್ಟರು, ಆದರೆ ಅವರಿಗೆ ಸಾಟಿಯಾದವರು ಬರಲಿಲ್ಲ.’ ಮೈಸೂರು, ತುಮಕೂರು, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ಮೊದಲ ‘ಸಾಟಿ’ ನಿಮಗೆ ತಕ್ಷಣ ತಿಳಿಯಿತಾ, ಇಲ್ಲಾ ಎರಡನೆಯದನ್ನು ಓದಿದ ಮೇಲೆ ಹಿಂದೆ ಹೋಗಿ ನೋಡಬೇಕಾಯಿತಾ? ನಿಮ್ಮ ಕಡೆ ಎತ್ತಿಗೆ ಎತ್ತು ಕೊಡುವುದಕ್ಕೆ ಬೇರೆ ಪದ ಇದ್ದರೆ ಅದನ್ನೂ ಬರೆಯಿರಿ. ಶುಕ್ರವಾರದ ಒಳಗೆ ಸಿಕ್ಕರೆ ಅವನ ಪುಟಕ್ಕೆ ಸೇರಿಸುತ್ತೇನೆ.