ಸತ್ಸುಕಿ ಅಜೇಲಿಯಾ ಬೋನ್ಸಾಯ್: ನೆತ್ತಿ ಸೊರಗ್ತಿದೆ, ಬುಡ ಪೊದೆ ಆಗ್ತಿದೆ. ಎಲ್ಲಿ ಎಷ್ಟು ಸವರಬೇಕು?

ಮಲೆನಾಡ ಗಿಡ್ಡ (ಸೈತಾಮಾ, ಜಪಾನ್)
ಒಸಾಕಾಜುಕಿ ತಳಿ. ಎತ್ತರ 45 ಸೆಂ.ಮೀ., ಬುಡದಲ್ಲಿ ಕಾಂಡ 6 ಸೆಂ.ಮೀ. ದಪ್ಪ, ಕುಂಡದಲ್ಲಿ ಪೂರ್ತಿ ಕನುಮಾ (ಜಪಾನಿನ ಹುಳಿ ಗುಣದ, ಹಗುರ ಹರಳು ಮಣ್ಣು). ಕೆಳಗಿನ ಕೊಂಬೆಗಳು ಒತ್ತಾಗಿವೆ, ನೆತ್ತಿಯಲ್ಲಿ ಮಾತ್ರ ಎಲೆ ತೆಳು. ಸವರೋದು ಜುನಿಪರ್‌ಗೆ ಮಾಡೋ ಹಾಗೇನೆ: ಮೇಲೆ ಜಾಸ್ತಿ, ಕೆಳಗೆ ಕಮ್ಮಿ. ಹೂ ಮುಗೀತಾ ಬಂತು. ಈಗಲೇ ಸವರಬಹುದಾ? ಕುಂಡ ಬದಲಿಸೋದೂ ಈಗಲೇನಾ? ತಂತಿ ಸುತ್ತಿ ಬಗ್ಗಿಸಿದರೆ ಕವಲಿನಲ್ಲೇ ಸೀಳು ಬಿಡುತ್ತೆ, ಯಾಕೆ?

ಬುಡಮೇಲು
ಲೆಕ್ಕ ತಲೆಕೆಳಗಾಗಿದೆ, ಅಷ್ಟೇ. ಪೈನ್, ಜುನಿಪರ್‌ಗಳ ಬಲ ತುದಿಯಲ್ಲಿ. ಸತ್ಸುಕಿ ಹೊಳೆದಂಡೆ ಬಂಡೆಗಳ ಪೊದೆ, ಅದರ ಜೋರೆಲ್ಲ ಬುಡದಲ್ಲಿ. ಹಾಗಾಗಿ ಕೆಳಗೆ ಕರುಣೆ ಬೇಡ, ನೆತ್ತಿಗೆ ಕೈ ಹಗುರ ಇರಲಿ.

ಮೊದಲು ಹೂ ತೆಗೀರಿ. ಬಾಡಿದ ಹೂ ಎಳೆದರೆ ದಳ ಮಾತ್ರ ಕೊಳವೆ ಥರ ಜಾರಿ ಬರುತ್ತೆ, ತೊಟ್ಟಿನ ತುದಿಯಲ್ಲಿ ಹಸಿರು ಕಾಳಿನಷ್ಟು ಅಂಡಾಶಯ ಉಳಿದುಬಿಡುತ್ತೆ. ಅದನ್ನೂ ಚಿವುಟಿ. ಬಿಟ್ಟರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ.

ಆಮೇಲೆ ಚಿಗುರು. ಹೂವಿದ್ದ ಜಾಗದ ಸುತ್ತ ನಾಲ್ಕೈದು ಚಿಗುರು ಒಟ್ಟಿಗೆ ಏಳುತ್ತವೆ. ಅಡ್ಡಕ್ಕೆ ಚಾಚಿದ ಎರಡನ್ನು ಉಳಿಸಿ, ಮೇಲಕ್ಕೆ, ಕೆಳಕ್ಕೆ ಹೊರಟವನ್ನು ಬುಡಕ್ಕೇ ತೆಗೀರಿ. ಉಳಿದ ಚಿಗುರಲ್ಲಿ ಕೆಳಗಿನ ಕೊಂಬೆಗಾದರೆ ಎರಡೆಲೆ, ನೆತ್ತಿಯಲ್ಲಾದರೆ ನಾಲ್ಕೆಲೆ ಇರಲಿ. ಈ ವರ್ಷ ನೆತ್ತಿ ಅಷ್ಟು ಸೊರಗಿದ್ದರೆ ಅಲ್ಲಿ ಕತ್ತರಿಯೇ ಬೇಡ. ಕಾಂಡದ ಬುಡದಿಂದ ಏಳುವ ಚಿಗುರನ್ನು ಕಂಡಾಗಲೆಲ್ಲ ಕೀಳಿ, ಬಲ ಕದಿಯೋದು ಅವೇ.

ಇಷ್ಟೂ ಜೂನ್ ಒಳಗೆ ಮುಗಿಯಲಿ. ಜುಲೈ–ಆಗಸ್ಟ್‌ನಲ್ಲಿ ಮುಂದಿನ ವರ್ಷದ ಮೊಗ್ಗು ಕಟ್ಟುತ್ತೆ. ಆಮೇಲೆ ಸವರಿದರೆ ಹೂವನ್ನೇ ಸವರಿದ ಹಾಗೆ.

ತಂತಿವಾದ್ಯ
ಸೀಳಿನ ವಿಚಾರ: ಒಂದೇ ಬಿಂದುವಿನಿಂದ ಹುಟ್ಟಿದ ಚಿಗುರುಗಳಾದ್ದರಿಂದ ಕವಲಿನ ಹಿಡಿತ ಸಡಿಲ, ಕಟ್ಟಿಗೆಯೂ ಪೆಡಸು. ತಂತಿ ಸುತ್ತುವ ಹಿಂದಿನ ದಿನ ನೀರು ಕಮ್ಮಿ ಮಾಡಿ, ಕೊಂಬೆ ಸ್ವಲ್ಪ ಬಳುಕುತ್ತೆ. ಅಲ್ಯೂಮಿನಿಯಂ ತಂತಿ ಸಾಕು, ಅದರ ದಪ್ಪ ಕೊಂಬೆಯ ದಪ್ಪದ ಮೂರನೇ ಒಂದು ಭಾಗ ಇರಲಿ. ಬಗ್ಗಿಸುವಾಗ ಹೆಬ್ಬೆರಳು ಕವಲಿನ ಮೇಲೇ ಇರಲಿ. ಬೇಕಾದ ಬಾಗನ್ನು ಒಂದೇ ಸಲಕ್ಕೆ ತರಬೇಡಿ. ಅರ್ಧ ಬಗ್ಗಿಸಿ, ಎರಡು ವಾರ ಬಿಟ್ಟು ಇನ್ನರ್ಧ. ತೊಗಟೆ ತೆಳು, ಬೇಸಿಗೆಯಲ್ಲಿ ತಂತಿ ಬೇಗ ಕಚ್ಚುತ್ತೆ, ನೋಡ್ತಾ ಇರಿ.

ದೊಡ್ಡ ಕೊಂಬೆ ಕಡಿದರೆ ಗಾಯ ಮುಚ್ಚುವ ಪೇಸ್ಟ್ ಹಚ್ಚದೆ ಬಿಡಬೇಡಿ. ಅಜೇಲಿಯಾದಲ್ಲಿ ಗಾಯದ ಕೆಳಗಿನ ತೊಗಟೆ ಪಟ್ಟೆಯಾಗಿ ಒಣಗುತ್ತಾ ಇಳಿಯುತ್ತೆ.

ಬುಡಮೇಲು
ಕುಂಡದ ಪ್ರಶ್ನೆ ಉಳಿದಿತ್ತು. ಹೂ ಮುಗಿದ ಕೂಡಲೇ ಬದಲಿಸಬಹುದು, ಜಪಾನಿನಲ್ಲಿ ಅದು ರೂಢಿಯೂ ಹೌದು. ಆದರೆ ಸೊರಗಿದ ಗಿಡಕ್ಕೆ ಒಂದೇ ತಿಂಗಳಲ್ಲಿ ಮೇಲೂ ಕೆಳಗೂ ಕತ್ತರಿ ಬೇಡ. ಬೇರನ್ನು ಬರುವ ಮಾರ್ಚ್‌ಗೆ ಇಟ್ಟುಕೊಳ್ಳಿ. ಬೇರು ಕೂದಲೆಳೆಯಷ್ಟು ಸಣ್ಣ. ಕಬ್ಬಿಣದ ಕೊಕ್ಕೆ ಹಾಕಿ ಎಳೆದರೆ ಮುದ್ದೆಯಾಗಿ ಹರಿದುಬರುತ್ತೆ. ಬಿದಿರು ಕಡ್ಡಿಯಿಂದ ಅಂಚಿನಿಂದ ಬಿಡಿಸಿ. ಕನುಮಾ ಒಣಗಿದಾಗ ಬಿಳಿಚುತ್ತೆ, ಬಿಳಿಚಲು ಶುರುವಾದಾಗಲೇ ನೀರು ಕೊಡಿ. ಪೂರ್ತಿ ಒಣಗಿದರೆ ಆ ಸಣ್ಣ ಬೇರು ಮತ್ತೆ ಜೀವ ಹಿಡಿಯಲ್ಲ.

ಬೋರ್‌ವೆಲ್ ಭೀಮ (ಬೆಂಗಳೂರು)
ನಡುವೆ ಬಾಯಿ ಹಾಕ್ತೀನಿ. ಇಲ್ಲಿ ಕನುಮಾ ಸಿಗೋದು ಕಷ್ಟ. ನರ್ಸರಿ ಅಜೇಲಿಯಾದ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲದಾ?

ತಂತಿವಾದ್ಯ
ಗೊಬ್ಬರ ಅಲ್ಲ, ಕಬ್ಬಿಣ. ಬೋರ್‌ವೆಲ್ ನೀರಿನ ಸುಣ್ಣದಂಶ ಮಣ್ಣಿನ ಹುಳಿ ಇಳಿಸುತ್ತೆ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕಲ್ಲ. ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 5ರಿಂದ 6ರೊಳಗೆ ಇರಬೇಕು. ಮಳೆನೀರು ಹಿಡಿದಿಟ್ಟು ಹಾಕಿ. ಸದ್ಯಕ್ಕೆ ಚೀಲೇಟೆಡ್ ಕಬ್ಬಿಣ (ಬೇರು ಹೀರಬಲ್ಲ ರೂಪದ ಕಬ್ಬಿಣ) ಕೊಡಿ, ಪೊಟ್ಟಣದ ಮೇಲೆ ಇಡಿಡಿಎಚ್‌ಎ ಅಂತ ಬರೆದಿರೋದು ಸುಣ್ಣದ ಮಣ್ಣಲ್ಲೂ ಕೆಲಸ ಮಾಡುತ್ತೆ. ಈಗಾಗಲೇ ಹಳದಿಯಾದ ಎಲೆ ಹಸಿರಾಗದಿದ್ದರೂ ಚಿಂತೆಯಿಲ್ಲ, ಹೊಸ ಚಿಗುರಿನ ಬಣ್ಣ ನೋಡಿ. ಕನುಮಾ ಬದಲು ಪ್ಯೂಮಿಸ್ ಅಥವಾ ಪರ್ಲೈಟ್, ಪೈನ್ ತೊಗಟೆ ಚೂರು, ಉಪ್ಪು ಹೋಗುವವರೆಗೆ ತೊಳೆದ ಕೊಕೊಪೀಟ್, ಸಮಪಾಲು. ಅಂದಹಾಗೆ, ಗಿಡ ಸಿಮೆಂಟ್ ಕುಂಡದಲ್ಲಿದೆಯಾ?

ಬೋರ್‌ವೆಲ್ ಭೀಮ
ಹೌದು, ಹೊಸದು.

ತಂತಿವಾದ್ಯ
ಹಾಗಾದರೆ ಮೊದಲು ಅದರಿಂದ ತೆಗೆದು ಮಣ್ಣಿನ ಕುಂಡಕ್ಕೆ ಹಾಕಿ. ಸಿಮೆಂಟೂ ಸುಣ್ಣ ಬಿಡುತ್ತೆ.